ಕಬಿನಿ ಸಫಾರಿಗೆ ಹೊರಟಿದ್ದೀರಾ? ಇಷ್ಟು ನೋಡಿಕೊಳ್ಳಿ

ಹುಲಿ ಕಾಣಲೇಬೇಕು ಅಂತ ಹಟ ಹಿಡಿದು ಹೋಗಬೇಡಿ, ಅರ್ಧ ಮಜಾ ಅಲ್ಲೇ ಹೋಗುತ್ತೆ. ನಾಗರಹೊಳೆಯ ಕಬಿನಿ ಭಾಗಕ್ಕೆ ನನ್ನ ಪ್ರಕಾರ ಮಾರ್ಚ್‌ನಿಂದ ಮೇ ಒಳ್ಳೆಯ ಕಾಲ. ಸೆಕೆ ಜಾಸ್ತಿ, ನಿಜ. ಆದರೆ ಹಿನ್ನೀರು ಇಳಿದು ದಡದಲ್ಲಿ ಎಳೆ ಹುಲ್ಲು ಚಿಗುರುತ್ತೆ, ಅದನ್ನು ಮೇಯೋಕೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ, ಪೊದೆಯೂ ಒಣಗಿರೋದರಿಂದ ದೂರದವರೆಗೆ ಕಣ್ಣು ಹಾಯುತ್ತೆ.

ಸಫಾರಿ ನಡೀತಿದೆಯಾ ಅಂತ ಮೊದಲೇ ವಿಚಾರಿಸಿ, ಒಮ್ಮೊಮ್ಮೆ ನಿಲ್ಲಿಸಿರುತ್ತಾರೆ. ಸಿಕ್ಕರೆ ಬೆಳಗಿನದನ್ನೇ ಬುಕ್ ಮಾಡಿ. ಬಟ್ಟೆ ಖಾಕಿ ಅಥವಾ ಮಾಸಲು ಹಸಿರು ಇರಲಿ, ಸೆಂಟ್ ಬೇಡ. ತೆರೆದ ಜೀಪಾದರೆ ಮೂಗಿಗೆ ಕಟ್ಟಿಕೊಳ್ಳೋಕೆ ಕರ್ಚೀಫ್ ಬೇಕೇ ಬೇಕು, ಕೆಂಪು ಧೂಳು ಹಲ್ಲಿನವರೆಗೂ ಬರುತ್ತೆ.

ಒಳಗೆ ಹೋದ ಮೇಲೆ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಜಿಂಕೆ ಚುರುಕಾಗಿ ಕೂಗಿತು, ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಗದರಿತು ಅಂದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇರಬಹುದು. ಡ್ರೈವರ್ ಇಂಜಿನ್ ಆಫ್ ಮಾಡುತ್ತಾರೆ. ಆಗ ಸುಮ್ನೆ ಕೂತಿರಿ. ಒಮ್ಮೆ ನಮ್ಮ ಜೀಪಲ್ಲಿ ಯಾರೋ ಅದೇ ಹೊತ್ತಿಗೆ ಚಿಪ್ಸ್ ಪ್ಯಾಕೆಟ್ ಹರಿದರು. ಬಿದಿರಿನ ಹಿಂದೆ ಕಂಡ ಬಾಲ ಅಷ್ಟೇ ನಮ್ಮ ಭಾಗ್ಯ!

ಮೊಬೈಲ್ ಸೈಲೆಂಟಲ್ಲಿರಲಿ, ಫ್ಲ್ಯಾಶ್ ಬೇಡ, ಗಾಡಿಯಿಂದ ಇಳಿಯೋ ಮಾತೇ ಇಲ್ಲ. ಆನೆ ಕಿವಿ ಅಗಲಿಸಿ ನಿಂತರೆ ಫೋಟೋ ಬಿಡಿ, ಡ್ರೈವರ್‌ಗೆ ಹಿಂದೆ ಹೋಗೋಕೆ ಹೇಳಿ. ಇನ್ನು ಬಂಡೀಪುರದ ದಾರಿಯಲ್ಲಿ ವಾಪಸ್ ಬರೋರು ನೆನಪಿಡಿ, ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟ್ ಮುಚ್ಚಿರುತ್ತೆ.