ಉಬ್ಬುಗನ್ನಡಿಯೊಳಗೆ ಕಾರವಾರದ ಕಡಲು: ನನ್ನ ಅನುಭವ

ಮೂರನೇ ಕ್ಯಾನ್ವಾಸ್ ಗೆದ್ದಿತು. ಹೊರಕ್ಕೆ ಉಬ್ಬಿದ ಕನ್ನಡಿಯಲ್ಲಿ ಕಂಡದ್ದನ್ನು ಕಂಡಂತೆ ಬರೆದ ಎರಡು ಅಡಿಯ ದುಂಡು ಚಿತ್ರ, ಆಯಿಲ್. ನಡುವೆ ನಾನು, ಬೆನ್ನ ಹಿಂದೆ ಕಾರವಾರದ ಕಡಲು, ಎಡಕ್ಕೆ ಸದಾಶಿವಗಡದ ಗುಡ್ಡ. "ಫೋಟೋ ನೋಡಿ ಬರಿ, ಸುಮ್ನೆ ಯಾಕೆ ಒದ್ದಾಡ್ತೀಯ" ಅಂದವರೇ ಜಾಸ್ತಿ.

ಹುಚ್ಚು ಹಿಡಿಸಿದ್ದು ಯುರೋಪಿನ ಹಳೆಯ ಚಿತ್ರಕಾರ ಯಾನ್ ವಾನ್ ಐಕ್. 1434ರಲ್ಲಿ ಅವನು ಬರೆದ ಅರ್ನಾಲ್ಫಿನಿ ಜೋಡಿಯ ಚಿತ್ರದಲ್ಲಿ, ಹಿಂದಿನ ಗೋಡೆಯ ಪುಟ್ಟ ಉಬ್ಬುಗನ್ನಡಿಯಲ್ಲಿ ಆ ಜೋಡಿಯ ಬೆನ್ನೂ ಕಾಣುತ್ತದೆ, ಬಾಗಿಲಲ್ಲಿ ನಿಂತ ಇಬ್ಬರೂ ಕಾಣುತ್ತಾರೆ. ನಾನು ರಸ್ತೆ ತಿರುವಿಗೆ ಹಾಕುವ ಕನ್ನಡಿ ತಂದೆ. 1,800 ರೂಪಾಯಿ ಆಗಿತ್ತೇನೋ. ಅದನ್ನು ಗಾಳಿಮರಕ್ಕೆ ಕಟ್ಟಿ, ಕಡಲಿಗೆ ಬೆನ್ನು ಹಾಕಿ ನಿಂತೆ.

ಮೊದಲ ಕ್ಯಾನ್ವಾಸ್ ಪೂರ್ತಿ ಹಾಳು. ತಲೆ ಒಂದಿಂಚು ಅಲುಗಿದರೂ ಕನ್ನಡಿಯೊಳಗೆ ನಾನೂ ಗುಡ್ಡವೂ ಬೇರೆ ಬೇರೆ ಕಡೆ ಸರಿಯುತ್ತಿದ್ದೆವು. ಉಪ್ಪು ಗಾಳಿಯ ಮಸುಕು ಬೇರೆ. ಒರೆಸುವಾಗ ಮರಳು ಸಿಕ್ಕಿ ಗೀರು ಬಿತ್ತು. ಇನ್ನೊಂದು ಕನ್ನಡಿ ತರಬೇಕಾಯಿತು.

ಎರಡನೆಯದು ಹಾಳಾದದ್ದು ನನ್ನ ಅಂಜಿಕೆಯಿಂದ. ಕಡಲಿಗೆ ಮುಖ ಮಾಡಿದರೆ ಸದಾಶಿವಗಡ ಬಲಕ್ಕೆ, ಅಲ್ವಾ? ಕನ್ನಡಿಯಲ್ಲಿ ಅದು ಎಡಕ್ಕೆ. "ಗುಡ್ಡ ಆ ಕಡೆ ಹೇಗೆ ಬಂತು ಮಾರಾಯಾ?" ಅಂತ ಗೆಳೆಯ ಕೇಳಿದ್ದೇ ತಡ, ಗುಡ್ಡವನ್ನು ಬಲಕ್ಕೆ ತಿರುಗಿಸಿ ಬರೆದೆ. ಕುಂಚ ಹಿಡಿದ ಕೈ ಮಾತ್ರ ಕನ್ನಡಿಯ ಎಡಗೈಯಾಗಿಯೇ ಉಳಿಯಿತು. ಕನ್ನಡಿ ಹೋಗಿ ಬರೀ ದುಂಡು ಚಿತ್ರವಾಯಿತು. ಆರು ವಾರ ನೀರು ಪಾಲು.

ಮೂರನೇ ಸಲ ಕನ್ನಡಿಯ ನಟ್ಟನಡುವೆ ಬಿಳಿ ಚುಕ್ಕೆ ಇಟ್ಟೆ. ಒಂದು ಕಣ್ಣು ಮುಚ್ಚಬೇಕು, ತೆರೆದ ಕಣ್ಣಿನ ಬಿಂಬ ಆ ಚುಕ್ಕೆಯ ಹಿಂದೆ ಕೂರಬೇಕು. ಕನ್ನಡಿಯಿಂದ ಗಲ್ಲದವರೆಗೆ ಒಂದು ದಾರ. ಇಷ್ಟಾದ ಮೇಲೆ ಯಾವುದೂ ಅಲುಗಲಿಲ್ಲ. ಬೆಳಿಗ್ಗೆ ಏಳರಿಂದ ಎಂಟೂವರೆ ಮಾತ್ರ ಕೆಲಸ. ಹತ್ತಿಪ್ಪತ್ತು ದಿನ ಹಿಡಿಯಿತು. ಗೆಳೆಯನನ್ನು ಕರೆದೊಯ್ದು ಅದೇ ಜಾಗದಲ್ಲಿ ನಿಲ್ಲಿಸಿದೆ. ಕನ್ನಡಿ ನೋಡಿದ, ಕ್ಯಾನ್ವಾಸ್ ನೋಡಿದ, ಮತ್ತೆ ಗುಡ್ಡದ ಮಾತು ಎತ್ತಲಿಲ್ಲ.

ನಡುವೆ ಮರದ ಮೇಲೂ ಕೈ ಹಾಕಿದ್ದೆ. ಇಟಲಿಯ ಚಿತ್ರಕಾರ ಪಾರ್ಮಿಜಾನೀನೊ 1524ರ ಸುಮಾರಿಗೆ ತನ್ನ ಕನ್ನಡಿ ಚಿತ್ರವನ್ನು ಉಬ್ಬಿದ ಮರದ ಮೇಲೇ ಬರೆದಿದ್ದ. ಶಿರಸಿಯಲ್ಲಿ ಹಲಸಿನ ಮರ ಕಡೆಸಿ ತಂದೆ. ಎರಡು ಸಾವಿರ ಕೊಟ್ಟೆ. ಮಳೆಗಾಲಕ್ಕೆ ಸೀಳಿತು. ಮರ ಹಸಿಯಿತ್ತು. ಅಳತೆ ಕಲಿಯಲು ಸ್ಟೀಲ್ ಸೌಟಿನ ಬೆನ್ನು ನೋಡಿ ಬರೆದ ಸ್ಕೆಚ್‌ಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ಒಟ್ಟು ಖರ್ಚು ಹನ್ನೊಂದು ಸಾವಿರದ ಹತ್ತಿರ. ಚಿತ್ರ 22 ಸಾವಿರಕ್ಕೆ ಹೋಯಿತು. ಗಾಜಿನ ಹೊಳಪು ಅಷ್ಟು ಚೆನ್ನಾಗಿ ಇನ್ನೆಲ್ಲೂ ನೋಡಿಲ್ಲ ಅಂದರು ತಗೊಂಡವರು. ಆ ಹೊಳಪಿಗೆ ಬಳಸಿದ ಬೂದು ಬಣ್ಣಕ್ಕೆ ಏನು ಬೆರೆಸಿದೆ ಎನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ. ಹೊಸ ಹಲಸಿನ ತುಂಡು ಅಟ್ಟದ ಮೇಲೆ ಒಣಗುತ್ತಿದೆ.