ಕೆಳಗಿನಿಂದ ಇಡುವ ಜ್ವರದ ಮಾತ್ರೆ: ಮೂಡಿಗೆರೆ ಕಡೆಯ ನನ್ನ ಅನುಭವ

ಬಾಯಿಂದ ನುಂಗಲಾಗದವರಿಗೆ ಸಪೊಸಿಟರಿ, ಅಂದರೆ ಗುದದ್ವಾರದಿಂದ ಒಳಗಿಡುವ ಮಾತ್ರೆ, ಇಟ್ಟು ಜ್ವರ ಇಳಿಸೋದು ಎಲ್ಲರೂ ಆಗೋದಿಲ್ಲ ಅಂದಿದ್ದ ಕೆಲಸ. ಅದು ಒಂದು ವರ್ಷದಿಂದ ಸಲೀಸಾಗಿ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿದವಳು. ಏಳೆಂಟು ವರ್ಷದಿಂದ ಮೂಡಿಗೆರೆ, ಗೋಣಿಬೀಡು, ಜನ್ನಾಪುರದ ಸುತ್ತ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತೇನೆ. ಸಪೊಸಿಟರಿ ಅಂದರೇನು, ಗ್ಲೌಸ್ ಹೇಗೆ ಹಾಕಬೇಕು ಅನ್ನೋದನ್ನು ಇದೇ ಕೆಲಸದಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ಎಲ್ಲಿ ಕೆಟ್ಟಿತು, ಎಷ್ಟು ದುಡ್ಡು ಹೋಯಿತು, ಆಮೇಲೆ ಹೇಗೆ ದಾರಿಗೆ ಬಂತು, ಅಷ್ಟನ್ನು ಹೇಳುತ್ತೇನೆ.

ಶುರುವಾದದ್ದು ಗೋಣಿಬೀಡು ಹತ್ತಿರದ ಒಂದು ತೋಟದ ಮನೆಯಲ್ಲಿ. ಎಂಬತ್ತು ದಾಟಿದ ಅಜ್ಜಿ. ಲಕ್ವ ಹೊಡೆದು ಬಲಗಡೆ ಸ್ವಾಧೀನ ಇಲ್ಲ, ಗಂಜಿ ಕುಡಿಸಿದರೂ ನೆತ್ತಿಗೆ ಹತ್ತುತ್ತಿತ್ತು. ಜ್ವರ ಬಂದಾಗ ಮನೆಯವರು ಮಾತ್ರೆ ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿ ನಾಲಿಗೆ ಮೇಲೆ ಹಚ್ಚುತ್ತಿದ್ದರು. ಅದು ಹೊಟ್ಟೆಗೆ ಎಷ್ಟು ಹೋಯಿತೋ, ಶ್ವಾಸನಾಳಕ್ಕೆ ಎಷ್ಟು ಹೋಯಿತೋ. ಅದೂ ಆಗದಿದ್ದರೆ ಜೀಪು ಮಾಡಿಕೊಂಡು ಪೇಟೆಗೆ ಹೋಗಿ ಒಂದು ಇಂಜೆಕ್ಷನ್. ಜೀಪಿಗೆ ಎಂಟುನೂರು, ಅಲ್ಲಿನ ಖರ್ಚು ಸೇರಿ ಒಂದೂವರೆ ಸಾವಿರ. ಮಳೆಗಾಲದಲ್ಲಿ ತಿಂಗಳಿಗೆ ಮೂರು ಸಲ, ನಾಲ್ಕು ಸಲ. ಆ ಅಜ್ಜಿಯನ್ನು ಕಂಬಳಿಯಲ್ಲಿ ಸುತ್ತಿ ಜೀಪಿಗೆ ಹತ್ತಿಸೋದನ್ನು ನೋಡಿದರೆ ಕರುಳು ಕಿವುಚುತ್ತಿತ್ತು.

ಸಪೊಸಿಟರಿ ಇಡೋಣ ಅಂದೆ. ಮಗ ಒಪ್ಪಲಿಲ್ಲ. "ಅಲ್ಲಿಟ್ಟ ಮಾತ್ರೆ ನೆತ್ತಿ ಸುಡೋ ಜ್ವರಕ್ಕೆ ಹೆಂಗೆ ನಾಟುತ್ತೆ ಸಿಸ್ಟರ್?" ಅಂದರು. ಔಷಧಿ ಅಂಗಡಿಯವರು ಅದು ಮಕ್ಕಳಿಗೆ ಮಾತ್ರ ಅಂದುಬಿಟ್ಟರು. ನಮ್ಮ ಜೊತೆಯ ಹುಡುಗಿಯರೂ "ಯಾಕಕ್ಕ ಈ ಉಸಾಬರಿ" ಅಂದರು. ಅಜ್ಜಿಯನ್ನು ನೋಡುವ ಡಾಕ್ಟರ್ ಮಾತ್ರ ಚೀಟಿ ಬರೆದುಕೊಟ್ಟರು: ಪ್ಯಾರಾಸಿಟಮಾಲ್ 250 ಮಿ.ಗ್ರಾಂನದು ಎರಡು, ಆರು ಗಂಟೆಯಾದರೂ ಅಂತರ ಇರಬೇಕು, ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಕೂಡದು. ನಮ್ಮ ಕಡೆಯ ಅಂಗಡಿಗಳಲ್ಲಿ ನನಗೆ ಸಿಗುತ್ತಿದ್ದದ್ದು 80, 170, 250ರವು. ಅಜ್ಜಿ ಇದ್ದದ್ದು 37 ಕಿಲೋ, ಹಾಗಾಗಿ ಎರಡು ಬೇಕಾಯಿತು.

ಮೊದಲನೇ ಸಲ ಪೂರ್ತಿ ವ್ಯರ್ಥ. ಜ್ವರ 102.6 ಇತ್ತು, ನಾಲ್ಕು ಗಂಟೆ ಕಳೆದರೂ ಹಾಗೇ ಇತ್ತು. ಮಗ ಏನೂ ಮಾತಾಡದೆ ಜೀಪಿಗೆ ಫೋನ್ ಮಾಡಿದರು. ಅಜ್ಜಿಗೆ ನಾಲ್ಕು ದಿನದಿಂದ ಹೊಟ್ಟೆ ಹೋಗಿಲ್ಲ ಅಂತ ನನಗೆ ಗೊತ್ತಾದದ್ದು ಮಾರನೇ ದಿನ. ನಾನು ಮಾತ್ರೆ ಇಟ್ಟದ್ದು ಗಟ್ಟಿ ಮಲದ ಒಳಗೆ. ಅದು ಗುದದ ಗೋಡೆಗೆ ತಾಗಿದ್ದರೆ ತಾನೇ ರಕ್ತಕ್ಕೆ ಸೇರೋದು.

ಎರಡನೇ ಸಲ ಮೊದಲು ಹೊಟ್ಟೆ ಹೋಗಿಸೋಣ ಅಂತ ಮಲಬದ್ಧತೆಯ ಸಪೊಸಿಟರಿ ಇಟ್ಟು, ಐದೇ ನಿಮಿಷದಲ್ಲಿ ಜ್ವರದ್ದನ್ನೂ ಇಟ್ಟೆ. ಅವಸರ. ಅರ್ಧ ಗಂಟೆಗೆ ಎರಡೂ ಮಲದ ಜೊತೆ ಹೊರಗೆ ಬಂದವು. ಈಗಿನ ನನ್ನ ಕ್ರಮ ಬೇರೆ. ಹೊಟ್ಟೆಯ ಕೆಲಸ ಬೆಳಗ್ಗೆಯೇ ಮುಗಿಯಬೇಕು. ಅದು ಪೂರ್ತಿ ಹೋಗಿ, ತೊಳೆದು, ಒರೆಸಿ, ಸ್ವಲ್ಪ ಹೊತ್ತು ಬಿಟ್ಟ ಮೇಲೆಯೇ ಜ್ವರದ್ದು. ಎರಡೂ ಜಾತಿಯವು ನೋಡಲು ಒಂದೇ ಥರ ಇರುತ್ತವೆ, ಆದ್ದರಿಂದ ಒಂದೇ ಡಬ್ಬಿಯಲ್ಲಿ ಇಡೋದಿಲ್ಲ. ಮಲಬದ್ಧತೆಯದ್ದಕ್ಕೆ ಹಸಿರು ಮುಚ್ಚಳ.

ಮೂರನೇ ಸಲದ ನಷ್ಟ ದುಡ್ಡಿನದು. ಏಪ್ರಿಲ್‌ನಲ್ಲಿ ಚಿಕ್ಕಮಗಳೂರಿನಿಂದ ಒಟ್ಟಿಗೆ ತಂದರೆ ಅಗ್ಗ ಅಂತ ಸುಮಾರು ಮುನ್ನೂರೈವತ್ತು ರೂಪಾಯಿಯ ಮಾಲು ತಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಬ್ಯಾಗು ತೊಡೆ ಮೇಲಿತ್ತು. ಆಲ್ದೂರು ದಾಟುವ ಹೊತ್ತಿಗೆ ಒಳಗೆಲ್ಲ ನೀರು ನೀರು. ಅದರ ಮೇಣ ಮೈ ಬಿಸಿಗೆ ಕರಗಲಿ ಅಂತಲೇ ಮಾಡಿರೋದು, ಬಿಸಿಲಿಗೆ ಬಿಡುತ್ತದೆಯೇ? ಮನೆಗೆ ಬಂದು ಫ್ರಿಜ್ಜಿನಲ್ಲಿಟ್ಟೆ, ಗಟ್ಟಿಯಾಯಿತು. ಒಂದನ್ನು ಬಿಡಿಸಿ ನೋಡಿದರೆ ಒಂದು ತುದಿ ಬಿಳಿ ಸುಣ್ಣದ ಹಾಗೆ, ಇನ್ನೊಂದು ತುದಿ ಪಾರದರ್ಶಕ. ಔಷಧಿ ಎಲ್ಲ ಒಂದು ಕಡೆ ಇಳಿದು ಕೂತಿತ್ತು. ಅಂಥದ್ದನ್ನು ರೋಗಿಗೆ ಇಡಬಾರದು. ಎರಡು ಬಿಟ್ಟು ಉಳಿದದ್ದನ್ನೆಲ್ಲ ಎಸೆದೆ, ಹೊಟ್ಟೆ ಉರಿಯಿತು.

ಆ ಎರಡನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದೆ. ಸ್ಟೀಲ್ ಲೋಟದಲ್ಲಿ ಮೈ ಬಿಸಿಯಷ್ಟು ನೀರು, ಪಕ್ಕದಲ್ಲಿ ಥರ್ಮಾಮೀಟರ್. ಒಂದನ್ನು ಹಾಗೇ ಬಿಟ್ಟೆ, ಇನ್ನೊಂದನ್ನು ಗಟ್ಟಿ ಗೋಧಿ ಹಿಟ್ಟಿನ ಉಂಡೆಯೊಳಗೆ ಹುದುಗಿಸಿ ಬಿಟ್ಟೆ. ಬರೀ ಬಿಟ್ಟದ್ದು ಮೊದಲು ಅಂಚಿನಲ್ಲಿ ಮಸುಕಾಗಿ, ಆಮೇಲೆ ಸೊಂಟದ ಹತ್ತಿರ ಬಾಗಿ, ಹತ್ತು ನಿಮಿಷದ ಆಸುಪಾಸಿನಲ್ಲಿ ತುಪ್ಪದ ಹಾಗೆ ಮೇಲೆ ತೇಲಿತು. ಹಿಟ್ಟಿನೊಳಗಿನದು ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಇದನ್ನು ಅಜ್ಜಿಯ ಮಗನಿಗೆ ಅವರ ಅಡುಗೆಮನೆಯಲ್ಲೇ ತೋರಿಸಿದೆ. ಮೊದಲನೇ ಸಲ ಯಾಕೆ ಕೆಟ್ಟಿತು ಅಂತ ಅವರಿಗೆ ಅರ್ಥವಾದದ್ದು ಅವತ್ತು. ನನ್ನ ಮಾತಿಗಿಂತ ಆ ಲೋಟ ಹೆಚ್ಚು ಕೆಲಸ ಮಾಡಿತು.

ಈಗ ಸಾಗಿಸೋದಕ್ಕೆ ಅಗಲ ಬಾಯಿಯ ಥರ್ಮಾಸ್ ಫ್ಲಾಸ್ಕು, ಒಳಗೆ ಸಣ್ಣ ಡಬ್ಬಿ. ಐಸಿಗೆ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಬಿರುಕು ಬಿಡುತ್ತದೆ. ಕರೆಂಟು ಹೋದರೆ ವಾರಗಟ್ಟಲೆ ಬಾರದ ತೋಟದ ಮನೆಗಳಲ್ಲಿ ಮಡಕೆಯೊಳಗೆ ಇಡುವ ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಕಲಿಯಲು ನನಗೆ ಎರಡು ಬೇಸಿಗೆ ಹಿಡಿಯಿತು, ಪೂರ್ತಿ ಇಲ್ಲಿ ಬಿಚ್ಚಿಡೋದಿಲ್ಲ. ಮಡಕೆ ಹಸಿ ಇರಬೇಕು, ಡಬ್ಬಿ ಒಣಗಿರಬೇಕು, ಅಷ್ಟು ಸಾಕು.

ಇಡುವ ವಿಧಾನದಲ್ಲಿ ಹೊಸದೇನಿಲ್ಲ. ಎಡ ಮಗ್ಗುಲು, ಮೇಲಿನ ಕಾಲು ಮಡಚಿ ಹೊಟ್ಟೆ ಕಡೆಗೆ, ತುದಿಗೆ ತಣ್ಣೀರು. ವ್ಯಾಸಲೀನ್ ನಾನು ಹಚ್ಚೋದಿಲ್ಲ. ಗುದದ್ವಾರದ ಬಿಗಿ ಉಂಗುರ ದಾಟಬೇಕು, ದಾಟದಿದ್ದರೆ ಹಾಗೇ ವಾಪಸ್ ಜಾರುತ್ತದೆ. ಮುಖ್ಯ ಇರೋದು ಆಮೇಲಿನ ಒಂದು ನಿಮಿಷದಲ್ಲಿ. ಎರಡೂ ಪೃಷ್ಠ ಸೇರಿಸಿ ಹಿಡಿದುಕೊಳ್ಳಬೇಕು, ಕಾಲು ಗಂಟೆ ಏಳಿಸಬಾರದು. ಮಾತ್ರೆ ಇಟ್ಟ ಕೂಡಲೇ ಇಡಿಯಾಗಿ ಹೊರಗೆ ಬಿದ್ದರೆ ಇನ್ನೊಂದು ಇಡುತ್ತೇನೆ. ಕಾಲು ಗಂಟೆ ಕಳೆದು, ಅರ್ಧ ಕರಗಿ ಬಂದರೆ ಮತ್ತೆ ಇಡೋದಿಲ್ಲ. ಒಳಗೆ ಎಷ್ಟು ಸೇರಿದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಎರಡು ತುಂಡು ಮಾಡಿ ಅರ್ಧ ಇಡೋ ಅಭ್ಯಾಸ ಕೆಲವರಿಗಿದೆ. ನನ್ನ ಕೈಯಲ್ಲಿ ಅದು ಬೇಡ, ಕಡಿಮೆ ಬೇಕಾದರೆ ಕಡಿಮೆ ಮಿ.ಗ್ರಾಂನದನ್ನೇ ಬರೆಸಿಕೊಳ್ಳುತ್ತೇನೆ.

ಚೂಪು ತುದಿ ಮೊದಲೋ ಮೊಂಡು ತುದಿ ಮೊದಲೋ ಅನ್ನೋ ವಾದ ನಮ್ಮಲ್ಲಿ ಆಗಾಗ ಏಳುತ್ತದೆ. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೊಂಡು ತುದಿ ಮೊದಲು ಹೋದರೆ ಒಳಗೆ ಚೆನ್ನಾಗಿ ನಿಲ್ಲುತ್ತದೆ ಅಂತ ಲೇಖನ ಬಂದಿತ್ತು, ಅದರಿಂದ ಹುಟ್ಟಿದ ವಾದ. ನಾನೂ ಒಂದು ಚಳಿಗಾಲ ಪೂರ್ತಿ, ಹತ್ತು ಹನ್ನೆರಡು ಸಲ ಹಾಗೆ, ಹತ್ತು ಹನ್ನೆರಡು ಸಲ ಹೀಗೆ ಇಟ್ಟು ನೋಡಿದೆ. ನಮ್ಮ ಮಲಗಿದಲ್ಲೇ ಇರುವ ರೋಗಿಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಚೂಪು ತುದಿಗೇ ವಾಪಸ್ ಬಂದೆ, ನೋವು ಕಡಿಮೆ.

ಇನ್ನು ಕಾಯುವ ವಿಚಾರ. ಇದರಲ್ಲೇ ಹೆಚ್ಚು ಜನ ಎಡವೋದು. ಬಾಯಿಂದ ಕೊಟ್ಟ ಪ್ಯಾರಾಸಿಟಮಾಲ್ ಅರ್ಧ, ಮುಕ್ಕಾಲು ಗಂಟೆಗೆ ಕೆಲಸ ಶುರುಮಾಡುತ್ತದೆ. ಕೆಳಗಿನಿಂದ ಇಟ್ಟದ್ದು ನಿಧಾನ, ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆ. ಮನೆಯವರು ಒಂದು ಗಂಟೆ ನೋಡಿ "ಆಗಲಿಲ್ಲ" ಅಂತ ಡೋಲೋ ಕೊಟ್ಟುಬಿಡುತ್ತಾರೆ. ಎರಡೂ ಒಂದೇ ಔಷಧಿ, ದಾರಿ ಮಾತ್ರ ಬೇರೆ. ನಾನು ಹತ್ತಾರು ರೋಗಿಗಳ ಜ್ವರವನ್ನು ಅರ್ಧರ್ಧ ಗಂಟೆಗೆ ಬರೆದಿಟ್ಟಿದ್ದೇನೆ. ಮೊದಲ ಗಂಟೆಯಲ್ಲಿ ಇಳಿದದ್ದು ಅಷ್ಟಕ್ಕಷ್ಟೇ, ಚೆನ್ನಾಗಿ ಇಳಿದದ್ದು ಎರಡರಿಂದ ಮೂರು ಗಂಟೆ ನಡುವೆ. ಅಜ್ಜಿಗೆ ಮೊದಲ ಸಲ ಸರಿಯಾಗಿ ಆದ ದಿನ 103 ಇದ್ದದ್ದು ಎರಡೂವರೆ ಗಂಟೆಗೆ 100.4ಕ್ಕೆ ಬಂತು. ಹಣೆ ಬೆವರಿತು, ಕಣ್ಣು ಬಿಟ್ಟು ಸೊಸೆಯನ್ನು ಹುಡುಕಿದರು. ನಾನು ಅವತ್ತು ಆ ಮನೆಯಲ್ಲಿ ಎರಡು ಲೋಟ ಕಾಫಿ ಕುಡಿದೆ.

ಲೆಕ್ಕ ತಪ್ಪಿದ್ದು ಒಂದು ಮಗುವಿನ ವಿಷಯದಲ್ಲಿ, ಅದನ್ನು ಈಗಲೂ ನೆನೆದರೆ ಎದೆ ಹೊಡೆದುಕೊಳ್ಳುತ್ತದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆ, ಎರಡು ವರ್ಷದ ಹುಡುಗ, ವಾಂತಿ, 103. ಕಾಫಿ ಹಣ್ಣು ತೂಗುವ ತಕ್ಕಡಿ ಪಕ್ಕದಲ್ಲೇ ಇತ್ತು, ತೂಗಿಸಿದೆ, 11 ಕಿಲೋ. ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ 170 ಸರಿಹೋಗುತ್ತದೆ, ಫೋನಿನಲ್ಲಿ ಡಾಕ್ಟರ್ ಸರಿ ಅಂದರು. "ಮಾತ್ರೆ ಏನಾದರೂ ಕೊಟ್ಟಿದ್ದೀರಾ?" ಅಂತ ತಾಯಿಯನ್ನು ಕೇಳಿದೆ. ಇಲ್ಲ ಅಂದಳು. ಇಟ್ಟೆ. ಹತ್ತು ನಿಮಿಷ ಬಿಟ್ಟು ಹುಡುಗನ ಅಜ್ಜಿ ಒಳಗಿನಿಂದ ಪ್ಯಾರಾಸಿಟಮಾಲ್ ಸಿರಪ್ ಬಾಟಲಿ ತಂದಳು. ಗಂಟೆ ಮುಂಚೆ ಐದು ಎಂ.ಎಲ್. ಕುಡಿಸಿದ್ದರು, ಐದು ಎಂ.ಎಲ್.ಗೆ 250 ಇರುವಂಥದ್ದು. ತಾಯಿ ಸುಳ್ಳು ಹೇಳಿರಲಿಲ್ಲ. ಅವಳಿಗೆ ಸಿರಪ್ಪು ಮಾತ್ರೆಯಲ್ಲ, ನಾನು ಕೇಳಿದ್ದು ಮಾತ್ರೆ. ಕೂಡಲೇ ಡಾಕ್ಟರಿಗೆ ಎರಡರ ಲೆಕ್ಕವನ್ನೂ ಹೇಳಿದೆ. ವಿಷವಾಗುವ ಮಟ್ಟದ್ದಲ್ಲ, ಬೆಳಗಿನವರೆಗೆ ಮತ್ತೇನೂ ಕೊಡಬೇಡಿ, ವಾಂತಿ ನಿಲ್ಲದಿದ್ದರೆ ಕರೆತನ್ನಿ ಅಂದರು. ರಾತ್ರಿ ಅಲ್ಲೇ ಕೂತೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಮೊದಲ ದಿನ ಏನೂ ಕಾಣಿಸದೆ ಇರಬಹುದು, ಒಳಗೆ ಲಿವರ್ ಕೆಡುತ್ತಿರುತ್ತದೆ, ಅದೇ ಭಯ. ಹುಡುಗ ಚೆನ್ನಾಗಿದ್ದಾನೆ, ಈ ಜೂನ್‌ಗೆ ಅಂಗನವಾಡಿಗೆ ಹೋದ.

ಅವತ್ತಿನಿಂದ ನಾನು ಕೇಳೋದಿಲ್ಲ, ತೋರಿಸಿ ಅನ್ನುತ್ತೇನೆ. ಮನೆಯಲ್ಲಿರೋ ಬಾಟಲಿ, ಸ್ಟ್ರಿಪ್, ಶೀತದ ಪುಡಿ, ಮೈಕೈ ನೋವಿನ ಮಾತ್ರೆ, ಎಲ್ಲ ಚಾಪೆ ಮೇಲೆ ಸುರಿಯಬೇಕು. ಶೀತದ ಮಾತ್ರೆಗಳಲ್ಲಿ ಬಹಳಷ್ಟಕ್ಕೆ ಪ್ಯಾರಾಸಿಟಮಾಲ್ ಸೇರಿರುತ್ತದೆ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಸಮಯ, ಮಿ.ಗ್ರಾಂ, ಬಾಯಿಗೋ ಕೆಳಗೋ. ಪುಸ್ತಕ ಕಳೆದುಹೋಗುತ್ತದೆ, ಕ್ಯಾಲೆಂಡರ್ ಎಲ್ಲೂ ಹೋಗೋದಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಮೈ ಬಿಸಿ ಅಂದರೆ ನಾನು ಡಬ್ಬಿ ಮುಟ್ಟೋದೇ ಇಲ್ಲ, ನೇರ ಆಸ್ಪತ್ರೆ.

ಡೈಕ್ಲೋಫೆನಾಕ್ ಸಪೊಸಿಟರಿ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ನೂರು ಮಿ.ಗ್ರಾಂನದು ಒಂದು ಇಟ್ಟರೆ ನೋವು ಹೂ ಎತ್ತಿದ ಹಾಗೆ ಹೋಗುತ್ತದೆ, ನಿಜ. ಅದಕ್ಕೇ ಎಲ್ಲರ ಮನೆಯಲ್ಲೂ ಇಟ್ಟುಕೊಂಡಿರುತ್ತಾರೆ, ಜ್ವರಕ್ಕೂ ಅದನ್ನೇ ಕೇಳುತ್ತಾರೆ. ಬಾಯಿಂದ ಹೋಗಿಲ್ಲವಲ್ಲ, ಹೊಟ್ಟೆ ಹುಣ್ಣಿನವರಿಗೂ ಪರವಾಗಿಲ್ಲ ಅನ್ನೋದು ತಪ್ಪು. ರಕ್ತಕ್ಕೆ ಸೇರಿದ ಮೇಲೆ ಅದು ಹೊಟ್ಟೆಗೂ ಕಿಡ್ನಿಗೂ ಹೋಗಿಯೇ ಹೋಗುತ್ತದೆ. ಅದರ ಮೇಲೆ ನಮ್ಮ ಸೀಮೆಯ ಕಷ್ಟ ಬೇರೆ ಇದೆ. 1957ರಲ್ಲಿ ಸೊರಬ ಕಡೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಈಗ ಕೊಪ್ಪ, ನರಸಿಂಹರಾಜಪುರದಲ್ಲೂ ಕಾಣಿಸುತ್ತಿದೆ. ಮಳೆ ಬಿದ್ದರೆ ಡೆಂಗಿ. ಎರಡರಲ್ಲೂ ರಕ್ತಸ್ರಾವದ ಅಪಾಯ ಇರೋದರಿಂದ ಡೈಕ್ಲೋ, ಆಸ್ಪಿರಿನ್, ಐಬುಪ್ರೊಫೆನ್ ಕೂಡದು, ಪ್ಯಾರಾಸಿಟಮಾಲ್ ಮಾತ್ರ. ಹೋದ ಫೆಬ್ರವರಿಯಲ್ಲಿ ಕಾಡಂಚಿನ ಮನೆಯೊಂದರಲ್ಲಿ ಯಜಮಾನರು ಜ್ವರ, ಸೊಂಟ ನೋವು ಅಂತ ಡೈಕ್ಲೋ ಇಡಲು ಹಟ ಹಿಡಿದರು. ನಾನು ಇಡಲಿಲ್ಲ. ಸಿಟ್ಟು ಮಾಡಿಕೊಂಡು ಆ ದಿನದ ಮುನ್ನೂರು ಕೊಡಲಿಲ್ಲ. ರಕ್ತಪರೀಕ್ಷೆ ಮಾಡಿಸಿದಾಗ ಪ್ಲೇಟ್‌ಲೆಟ್ ಇಳಿದಿತ್ತು. ಆಮೇಲೆ ಮಗಳ ಕೈಯಲ್ಲಿ ದುಡ್ಡೂ ಬಂತು, ಒಂದು ಕೊನೆ ಬಾಳೆಕಾಯಿಯೂ ಬಂತು.

ಕೀಮೋ ನಡೆಯುತ್ತಿದ್ದು ಬಿಳಿ ರಕ್ತಕಣ ಕಡಿಮೆಯಾದವರಿಗೆ, ಮೂಲವ್ಯಾಧಿಯಲ್ಲಿ ರಕ್ತ ಬರುತ್ತಿರುವವರಿಗೆ, ಭೇದಿ ಆಗುತ್ತಿರುವವರಿಗೆ ಯಾವ ಸಪೊಸಿಟರಿಯನ್ನೂ ನಾನಾಗಿ ಇಡೋದಿಲ್ಲ.

ನಾಚಿಕೆ ದೊಡ್ಡ ಸಮಸ್ಯೆ, ಅದರಲ್ಲೂ ಗಂಡಸರಿಗೆ. ಪಂಚೆ ಪೂರ್ತಿ ಬಿಚ್ಚಿಸಬೇಕಾಗಿಲ್ಲ, ಹಿಂದಿನಿಂದ ಒಂದು ಗೇಣು ಸರಿಸಿದರೆ ಸಾಕು. ಮೇಲೆ ದುಪ್ಪಟಿ, ಕೋಣೆಯಲ್ಲಿ ಒಬ್ಬರೇ ಒಬ್ಬರು, ಬಾಗಿಲು ಮುಂದೆ ಮಾಡಿರಬೇಕು. ಹಟಮಾರಿ ಮುದುಕರನ್ನು ಒಪ್ಪಿಸಲು ನಾನು ಹೇಳುವ ಒಂದು ಮಾತಿದೆ, ಇದುವರೆಗೆ ಸೋತಿಲ್ಲ. ಅದನ್ನು ಬರೆಯೋದಿಲ್ಲ, ನನ್ನ ಜೊತೆ ಎರಡು ಮನೆ ಸುತ್ತಿದವರಿಗೆ ಹೇಳಿಕೊಡುತ್ತೇನೆ.

ಖರ್ಚು ನೋಡಿದರೆ ಒಂದಕ್ಕೆ ಹತ್ತು, ಹದಿನೈದು ರೂಪಾಯಿ. ಅಜ್ಜಿಗೆ ಜ್ವರ ಬಂದ ದಿನ ನಾಲ್ಕೋ ಆರೋ ಬೇಕು, ಗ್ಲೌಸ್ ಸೇರಿ ನೂರರೊಳಗೆ. ಈ ಮಳೆಗಾಲದಲ್ಲಿ ಜ್ವರಕ್ಕೆ ಅಂತ ಆ ಮನೆಗೆ ಜೀಪು ಬಂದದ್ದು ಒಂದೇ ಸಲ. ಅದೂ ಉಸಿರಾಟ ಜೋರಾಗಿತ್ತು ಅಂತ ನಾನೇ ಕರೆಸಿದ್ದು. ಎದೆಯಲ್ಲಿ ನ್ಯುಮೋನಿಯಾ ಇತ್ತು. ಜ್ವರ ಇಳಿಸಿದ ಮಾತ್ರಕ್ಕೆ ಜ್ವರದ ಕಾರಣ ಹೋಗುವುದಿಲ್ಲ ಅಂತ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದೆ, ಹಾಗಾಗಿ ತಡಮಾಡದೆ ಹೊರಟರು.

ಮೊನ್ನೆ ಬೆಳಗಿನ ಜಾವ ಫೋನ್ ಬಂತು, ಅದೇ ಮಗ. ಹೊರಗೆ ಹುಚ್ಚು ಮಳೆ, ಹಳ್ಳ ತುಂಬಿ ನಾನು ಹೋಗುವ ಹಾಗಿರಲಿಲ್ಲ. "ಸಿಸ್ಟರ್, ಈಗ 3.20. ಜ್ವರ 101.8. ಉಸಿರಾಟ ಸರಿಯಾಗಿದೆ. ನಿನ್ನೆ ಬೆಳಗ್ಗೆ ಹೊಟ್ಟೆ ಹೋಗಿದೆ. ಹಿಂದಿನದು ರಾತ್ರಿ 8.40ಕ್ಕೆ ಇಟ್ಟಿದ್ದು, ಬಾಯಿಗೆ ಏನೂ ಕೊಟ್ಟಿಲ್ಲ. ಎರಡು ಇಡಲಾ?"

ಇಡಿ ಅಂದೆ.