ಪ್ರೊಜೆಕ್ಟರ್ ಪರದೆಯ ಫೋಟೊ: ನಾನು ತೆಗೆಯುವ ರೀತಿ

ಮನೆಗೆ ಪ್ರೊಜೆಕ್ಟರ್ ತಂದವರು ಮಾಡುವ ಮೊದಲ ಕೆಲಸ, ಪರದೆಯ ಫೋಟೊ ತೆಗೆದು ಭಾವನಿಗೋ ಗೆಳೆಯನಿಗೋ ವಾಟ್ಸಾಪ್‌ನಲ್ಲಿ ಕಳಿಸುವುದು. ಬರುವ ಉತ್ತರವೂ ಗೊತ್ತಿದ್ದದ್ದೇ: ‘ಏನೋ ಇದು, ಇಷ್ಟು ನೀಲಿ? ಮೇಲೆ ಈ ಪಟ್ಟಿ ಏನು?’ ಎದುರು ಕೂತು ನೋಡಿದವರಿಗೆ ಪಟ್ಟಿಯೂ ಇಲ್ಲ, ನೀಲಿಯೂ ಇಲ್ಲ. ಹಾಗಂತ ಕ್ಯಾಮರಾ ಸುಳ್ಳು ಹೇಳುತ್ತಿಲ್ಲ. ಕಣ್ಣು ಸೇರಿಸಿಕೊಂಡು ನೋಡುವುದನ್ನು ಅದು ಬಿಡಿಬಿಡಿಯಾಗಿ ನೋಡುತ್ತದೆ, ಅಷ್ಟೆ.

ನನ್ನದು ಹಳೆಯ ಡಿಎಲ್‌ಪಿ ಪ್ರೊಜೆಕ್ಟರ್, ಅಂದರೆ ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಬಗೆಯದು; 1080ಪಿ, ಎಂದರೆ 1920x1080 ಪಿಕ್ಸೆಲ್. ಪರದೆ 100 ಇಂಚು, ಅಂದರೆ ಸುಮಾರು 2.2 ಮೀಟರ್ ಅಗಲ. ಕ್ಯಾಮರಾ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಅಳತೆಯ ಸೆನ್ಸರ್‌ನದು), ಅದಕ್ಕೆ 35 ಎಂಎಂ ಲೆನ್ಸ್. ಮೂರೂವರೆ ಮೀಟರ್ ಹಿಂದೆ ಟ್ರೈಪಾಡ್ ಇಟ್ಟರೆ ಇಡೀ ಪರದೆ ಚೌಕಟ್ಟಿನೊಳಗೆ ಕೂರುತ್ತದೆ. ಚೆಂದದ ಫೋಟೊ ಬೇಕು ಅಂತ ನಾನು ಇದನ್ನು ಶುರು ಮಾಡಿದ್ದಲ್ಲ. ಸೆಟ್ಟಿಂಗ್ ಬದಲಿಸಿದರೆ ನಿಜವಾಗಿ ಏನು ಬದಲಾಯಿತು, ಗೋಡೆಗಿಂತ ಪರದೆ ಬಟ್ಟೆ ಎಷ್ಟು ಮೇಲು, ಲ್ಯಾಂಪ್ ಎಷ್ಟು ಸೊರಗಿದೆ ಎಂದು ತಿಳಿಯಬೇಕಿತ್ತು. ನಿನ್ನೆಯ ಕೆಂಪನ್ನು ಇವತ್ತು ನೆನಪಿಟ್ಟುಕೊಳ್ಳುವುದು ಕಣ್ಣಿಗೆ ಆಗದ ಕೆಲಸ. ಅದಕ್ಕೆ ಕ್ಯಾಮರಾ ಬೇಕು.

ಎಲ್ಲಕ್ಕಿಂತ ಮೊದಲು ಶಟರ್, ಅಂದರೆ ಕ್ಯಾಮರಾ ಎಷ್ಟು ಹೊತ್ತು ಬೆಳಕಿಗೆ ತೆರೆದಿರುತ್ತದೆ ಎನ್ನುವುದು. ಒಂದೇ ಚಿಪ್‌ನ ಡಿಎಲ್‌ಪಿ ಯಂತ್ರದಲ್ಲಿ ಕೆಂಪು, ಹಸಿರು, ನೀಲಿ ಒಟ್ಟಿಗೆ ಬರುವುದಿಲ್ಲ. ಲ್ಯಾಂಪ್‌ನ ಮುಂದೆ ಬಣ್ಣದ ಗಾಜಿನ ಚಕ್ರ ತಿರುಗುತ್ತಿರುತ್ತದೆ, ಬಣ್ಣಗಳು ಒಂದರ ಹಿಂದೆ ಒಂದು ಪರದೆಗೆ ಬೀಳುತ್ತವೆ. 60 ಹರ್ಟ್ಸ್ ಚಿತ್ರಕ್ಕೆ, ಅಂದರೆ ಸೆಕೆಂಡಿಗೆ 60 ಫ್ರೇಮ್ ಬರುವಾಗ, ಫ್ರೇಮಿಗೆ ಎರಡು ಸುತ್ತಿನ ‘2ಎಕ್ಸ್’ ಚಕ್ರ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಚಿಪ್‌ನ ಮೇಲಿನ ಪುಟ್ಟ ಕನ್ನಡಿಗಳದ್ದೂ ಇದೇ ಕಥೆ. ಅವುಗಳಿಗೆ ಗೊತ್ತಿರುವುದು ಬೆಳಕನ್ನು ಪರದೆಗೆ ಬಿಡುವುದು, ತಪ್ಪಿಸುವುದು ಎರಡೇ. ನಡುವಿನ ಬೂದು ಬಣ್ಣವೆಲ್ಲ ಎಷ್ಟು ಹೊತ್ತು ಬೆಳಕು ಬಿಟ್ಟಿತು ಎನ್ನುವುದರ ಲೆಕ್ಕ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಈ ಚಿಪ್ ಮಾಡಿದಾಗಿನಿಂದ ಉಪಾಯ ಇದೇ.

ಈಗ 1/500 ಸೆಕೆಂಡಿನಲ್ಲಿ ಕ್ಲಿಕ್ ಮಾಡಿ ನೋಡಿ. ಚಕ್ರ ಕಾಲು ಸುತ್ತು ತಿರುಗುವಷ್ಟರಲ್ಲಿ ಫೋಟೊ ಮುಗಿದಿರುತ್ತದೆ. ಶಟರ್ ಸಂದು ಮೇಲಿಂದ ಕೆಳಗೆ ಸರಿಯುವುದರಿಂದ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಸಿಕ್ಕಿ, ಬಿಳಿ ಪರದೆ ಪಟ್ಟಿ ಪಟ್ಟಿಯಾಗುತ್ತದೆ. ಸುಮ್ನೆ ಒಮ್ಮೆ ಮಾಡಿ ನೋಡಿ, ಯಂತ್ರದ ಒಳಗಿನದು ಅರ್ಥವಾಗಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದ್ದರಿಂದ ಶಟರ್ ತೆರೆದಿರುವಷ್ಟು ಹೊತ್ತಿನಲ್ಲಿ ಪೂರ್ತಿ ಫ್ರೇಮ್‌ಗಳೇ ಬರಬೇಕು. 60 ಹರ್ಟ್ಸ್‌ಗೆ 1/60, 1/30, 1/15. 50 ಹರ್ಟ್ಸ್ ಕೊಡುವ ಡಿಶ್ ಬಾಕ್ಸ್ ಆದರೆ 1/50, 1/25. ಆದರೆ ಇಲ್ಲೊಂದು ಕಿತಾಪತಿ ಇದೆ. ಕ್ಯಾಮರಾ 1/60 ಎಂದು ತೋರಿಸುವುದು ಒಳಗೆ 1/64 ಆಗಿರಬಹುದು, 1/15 ಎಂದರೆ 1/16. ಅಷ್ಟು ವ್ಯತ್ಯಾಸಕ್ಕೇ ತೆಳುವಾಗಿ ಒಂದು ಪಟ್ಟಿ ಉಳಿದುಬಿಡುತ್ತದೆ. ನಿಂತ ಚಿತ್ರವಾದರೆ ನಾನು 1/4 ಸೆಕೆಂಡಿಗಿಂತ ಕಡಿಮೆಗೆ ಹೋಗುವುದೇ ಇಲ್ಲ. ಆ ಹೊತ್ತಿಗೆ 15 ಫ್ರೇಮ್ ಬಂದಿರುತ್ತವೆ, ಸಣ್ಣಪುಟ್ಟ ಏರುಪೇರು ಅದರಲ್ಲೇ ಕರಗುತ್ತದೆ. ನನ್ನ ಕೋಣೆಗೆ ಎಫ್/8 (ಲೆನ್ಸಿನ ಕಿಂಡಿಯ ಅಳತೆ), 1/4 ಸೆಕೆಂಡ್, ಐಎಸ್‌ಒ 100 (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) ಸರಿಹೋಗುತ್ತದೆ. ನಿಮ್ಮದು ಬೇರೆ ಇರಬಹುದು, ಅಲ್ಲಿಂದ ಶುರು ಮಾಡಿ. ಮೂರು ಪ್ಯಾನೆಲ್‌ನ ಎಲ್‌ಸಿಡಿ ಯಂತ್ರದಲ್ಲಿ ಬಣ್ಣದ ಚಕ್ರ ಇರುವುದಿಲ್ಲ, ಅದರವರಿಗೆ ಇಷ್ಟು ತಲೆಬಿಸಿ ಇಲ್ಲ.

ಪರೀಕ್ಷೆಗೆ ಸಿನಿಮಾ ನಿಲ್ಲಿಸಿ ತೆಗೆಯುವವರಿದ್ದಾರೆ. ನಿಲ್ಲಿಸಿದ ಕೂಡಲೇ ಮೇಲೆ ಹೆಸರು, ಕೆಳಗೆ ಗೆರೆ ಬಂದು ಕೂರುತ್ತವೆ, ಅದೂ ಅಲ್ಲದೆ ಮೂಲ ಹೇಗಿತ್ತು ಎಂದು ನಮಗೆ ಗೊತ್ತಿರುವುದಿಲ್ಲ. ನಾನು ನನ್ನದೇ ಒಂದು ಯಕ್ಷಗಾನದ ಫೋಟೊವನ್ನು 1920x1080ಕ್ಕೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡಿದ್ದೇನೆ. ಬಡಗುತಿಟ್ಟಿನ ವೇಷ, ಹಿಂದೆ ಕತ್ತಲು. ಕಿರೀಟದ ಹೊಳಪಿನಲ್ಲಿ ಬಿಳಿ ಅತಿಯಾಗಿ ವಿವರ ಅಳಿಸಿಹೋಗುತ್ತದೆಯೇ ಎಂದು ಗೊತ್ತಾಗುತ್ತದೆ. ಹಿಂದಿನ ಕತ್ತಲಲ್ಲಿ ಕಪ್ಪು ಎಷ್ಟು ಬೂದು ಎಂದು ಕಾಣುತ್ತದೆ. ಕಸೆ ಸೀರೆಯ ಕೆಂಪು ಚೌಕಳಿ ಬಣ್ಣವನ್ನೂ ಹೇಳುತ್ತದೆ, ಫೋಕಸ್ಸನ್ನೂ ಹೇಳುತ್ತದೆ.

ಆ ಕೆಂಪೇ ನನಗೆ ಒಂದು ವಿಷಯ ತೋರಿಸಿಕೊಟ್ಟಿತು. ಪ್ರೊಜೆಕ್ಟರ್‌ನ ‘ಬ್ರಿಲಿಯಂಟ್ ಕಲರ್’ ಸೆಟ್ಟಿಂಗ್ ಪೂರ್ತಿ ಏರಿಸಿದಾಗ ಕಿರೀಟದ ಬಿಳಿ ಝಗ್ಗೆನ್ನುತ್ತದೆ, ಸೀರೆಯ ಕೆಂಪು ಮಾತ್ರ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಕಾರಣ ಇಷ್ಟೇ. ಇಂಥ ಯಂತ್ರಗಳ ಚಕ್ರದಲ್ಲಿ ಬಣ್ಣವಿಲ್ಲದ ಒಂದು ಗಾಜಿನ ತುಂಡೂ ಇರುತ್ತದೆ. ಬಿಳಿಗೆ ಅದರ ಬೆಳಕು ಸೇರಿಕೊಳ್ಳುತ್ತದೆ, ಅಚ್ಚ ಕೆಂಪಿಗೆ ಸೇರುವ ಹಾಗಿಲ್ಲ. ಹಾಗಾಗಿ ಬಿಳಿಯ ಪಕ್ಕದಲ್ಲಿ ಕೆಂಪು ಸಪ್ಪೆ. ಆ ಸೆಟ್ಟಿಂಗನ್ನು ಕೆಳಗಿಳಿಸಿ, ಕ್ಯಾಮರಾದಲ್ಲಿ ಏನನ್ನೂ ಮುಟ್ಟದೆ ಇನ್ನೊಂದು ಫೋಟೊ ತೆಗೆದು ಪಕ್ಕಪಕ್ಕ ಇಟ್ಟೆ. ಚಿತ್ರ ಒಟ್ಟಾರೆ ಮಂಕು, ಆದರೆ ವೇಷ ವೇಷದ ಹಾಗೆ ಕಂಡಿತು. ರಾತ್ರಿ ಹೊತ್ತು ಈಗ ಅದನ್ನೇ ಇಟ್ಟುಕೊಂಡಿದ್ದೇನೆ.

ವೈಟ್ ಬ್ಯಾಲೆನ್ಸ್, ಅಂದರೆ ಯಾವುದನ್ನು ಬಿಳಿ ಎಂದು ಹಿಡಿಯಬೇಕು ಎನ್ನುವ ಕ್ಯಾಮರಾ ಸೆಟ್ಟಿಂಗ್, ಆಟೊದಲ್ಲಿ ಬಿಟ್ಟರೆ ಇದೆಲ್ಲ ದಂಡ. ಪ್ರತಿ ಸಲವೂ ಕ್ಯಾಮರಾ ತನಗೆ ತೋಚಿದಂತೆ ತಿದ್ದುತ್ತದೆ. ಪೂರ್ತಿ ಬಿಳಿ ಸ್ಲೈಡ್ ಹಾಕಿ ಅದಕ್ಕೆ ಹೊಂದಿಸಿಕೊಳ್ಳಿ ಎಂದು ಹೇಳುವವರೂ ಇದ್ದಾರೆ. ಭಾವನಿಗೆ ಕಳಿಸಲು ಅದು ಸರಿ. ಹೋಲಿಸಲು ಸರಿಯಲ್ಲ, ಯಾಕೆಂದರೆ ಪ್ರೊಜೆಕ್ಟರ್‌ನ ಬಿಳಿಯಲ್ಲಿರುವ ಹಸಿರು ಛಾಯೆಯೇ ಮುಚ್ಚಿಹೋಗುತ್ತದೆ. ನಾನು 6500 ಕೆಲ್ವಿನ್‌ಗೆ ಕಟ್ಟಿಹಾಕಿಬಿಡುತ್ತೇನೆ. ವಿಡಿಯೊದ ಬಿಳಿಗೆ ಇಟ್ಟಿರುವ ಅಳತೆ ಅದೇ. ಕ್ಯಾಮರಾ ತಿದ್ದದೆ ಹಾಗೇ ಉಳಿಸುವ ರಾ ಫೈಲ್ ಆದರೆ ಇನ್ನೂ ನೆಮ್ಮದಿ. ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯ ತನಕ ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ನಕ್ಷೆ) ನೋಡುವಾಗ ಮೂರು ಬಣ್ಣದ್ದೂ ಬೇರೆಬೇರೆ ನೋಡಿ. ಒಟ್ಟು ಗೆರೆ ಸರಿ ಇದ್ದರೂ ಕೆಂಪೊಂದೇ ತುದಿಗೆ ಬಡಿದಿರುವುದುಂಟು.

ಇನ್ನು ಮೊಯ್ರೆ, ಅಂದರೆ ನೀರಿನ ಅಲೆಯಂಥ ಗೆರೆಗಳು. ಪ್ರೊಜೆಕ್ಟರ್‌ನ ಪಿಕ್ಸೆಲ್ ಸಾಲು, ಕ್ಯಾಮರಾದ ಪಿಕ್ಸೆಲ್ ಸಾಲು ಒಂದರ ಮೇಲೊಂದು ಬಿದ್ದು ಆಗುವ ಉಪದ್ರವ ಇದು. ನನ್ನ ಕ್ಯಾಮರಾದಲ್ಲಿ ಪರದೆಯ ಒಂದು ಪಿಕ್ಸೆಲ್‌ಗೆ ಅಡ್ಡಲಾಗಿ ಸುಮಾರು ಮೂರು ಪಿಕ್ಸೆಲ್ ಸಿಗುತ್ತವೆ. ಟ್ರೈಪಾಡನ್ನು ಒಂದು ಗೇಣು ಹಿಂದೆ ಮುಂದೆ ಮಾಡಿದರೆ ಗೆರೆಗಳ ಆಕಾರವೇ ಬದಲಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಚಿತ್ರ ತುಸು ಮೆತ್ತಗಾಗಲಿ ಎಂದು ಎಫ್/16ಕ್ಕೆ ಹೋಗುತ್ತೇನೆ, ಇಲ್ಲವೇ ಫೋಕಸ್ ಕೂದಲೆಳೆಯಷ್ಟು ಸಡಿಲಿಸುತ್ತೇನೆ. ಗೆರೆ ನಿಜವಾಗಿ ಇದೆಯೇ ಎಂದು 100 ಪರ್ಸೆಂಟ್ ಹಿಗ್ಗಿಸಿಯೇ ನೋಡಬೇಕು. ಕ್ಯಾಮರಾದ ಪುಟ್ಟ ಪರದೆಯಲ್ಲಿ ಕಾಣುವ ಎಷ್ಟೋ ಗೆರೆ ಫೈಲ್‌ನಲ್ಲಿ ಇರುವುದೇ ಇಲ್ಲ. ಪ್ರೊಜೆಕ್ಟರ್‌ನ ಕೀಸ್ಟೋನ್, ಅಂದರೆ ಓರೆಯಾಗಿ ಬಿದ್ದ ಚಿತ್ರವನ್ನು ನೇರ ಮಾಡುವ ಸೆಟ್ಟಿಂಗ್, ಆಫ್ ಆಗಿರಲಿ. ಅದು ಚಿತ್ರವನ್ನು ಹಿಸುಕಿ ಪಿಕ್ಸೆಲ್‌ಗಳನ್ನು ಕಲಸಿರುತ್ತದೆ.

ಫ್ಯಾನ್ ಆರಿಸಿ. ಇಳಿಬಿಡುವ ಪರದೆ ಗಾಳಿಗೆ ಸಣ್ಣಗೆ ಆಡುವುದು ಕಣ್ಣಿಗೆ ಗೊತ್ತೂ ಆಗುವುದಿಲ್ಲ, ಕಾಲು ಸೆಕೆಂಡಿನಲ್ಲಿ ಅಕ್ಷರಗಳೆಲ್ಲ ಮೆತ್ತಗಾಗಿರುತ್ತವೆ. ಸೀಲಿಂಗ್‌ಗೆ ಬಿಗಿದ ಪ್ರೊಜೆಕ್ಟರ್ ಫ್ಯಾನಿನ ಜೊತೆ ತಾನೂ ನಡುಗುತ್ತದೆ. ಏಪ್ರಿಲ್‌ನಲ್ಲಿ ಈ ಕೆಲಸಕ್ಕೆ ಕೂತರೆ ಬೆವರು ಖಾತ್ರಿ. ಕ್ಲಿಕ್‌ಗೆ ಎರಡು ಸೆಕೆಂಡ್ ಟೈಮರ್ ಇಡಿ. ಲ್ಯಾಂಪ್ ಹೊತ್ತಿ ಇಪ್ಪತ್ತು ನಿಮಿಷವಾದರೂ ಆಗಿರಲಿ, ಅದಕ್ಕೆ ಮೊದಲು ಅದರ ಬೆಳಕೂ ಬಣ್ಣವೂ ನಿಂತಿರುವುದಿಲ್ಲ. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಮೊಬೈಲ್‌ನಲ್ಲೂ ಆಗುತ್ತದೆ, ಪ್ರೊ ಮೋಡ್ ಇದ್ದರೆ. ನೈಟ್ ಮೋಡ್, ಎಚ್‌ಡಿಆರ್ ಎರಡೂ ಬೇಡ. ಅವು ಹಲವು ಫೋಟೊ ಸೇರಿಸಿ ತಮ್ಮದೇ ಒಂದು ಚಿತ್ರ ಕಟ್ಟಿಬಿಡುತ್ತವೆ.

ಕಪ್ಪಿನ ಬಗ್ಗೆ ಒಂದು ಮಜಾ ಲೆಕ್ಕ ಇದೆ. ಪೂರ್ತಿ ಬಿಳಿ ಸ್ಲೈಡ್‌ಗೆ ಎಫ್/8, 1/4 ಸೆಕೆಂಡ್, ಐಎಸ್‌ಒ 100 ಇಟ್ಟಾಗ ರಾ ಫೈಲ್‌ನಲ್ಲಿ ಎಷ್ಟು ಬೆಳಕು ಬಂತು ಎಂದು ನೋಡಿಕೊಂಡೆ. ಆಮೇಲೆ ಪೂರ್ತಿ ಕಪ್ಪು ಸ್ಲೈಡ್ ಹಾಕಿ, ಹೆಚ್ಚುಕಡಿಮೆ ಅಷ್ಟೇ ಬೆಳಕು ಬರುವ ತನಕ ಏರಿಸುತ್ತಾ ಹೋದೆ. 30 ಸೆಕೆಂಡ್, ಐಎಸ್‌ಒ 800ರಲ್ಲಿ ಸಿಕ್ಕಿತು. ಸಮಯ 120 ಪಟ್ಟು, ಐಎಸ್‌ಒ 8 ಪಟ್ಟು, ಗುಣಿಸಿದರೆ 960. ಅಂದರೆ ನನ್ನ ಯಂತ್ರದ ಕಾಂಟ್ರಾಸ್ಟ್ ಸುಮಾರು 1000:1. ಡಬ್ಬಿಯ ಮೇಲೆ ಬರೆದಿದ್ದರ ಹತ್ತಿರಕ್ಕೂ ಬರಲಿಲ್ಲ. ಈ ಲೆಕ್ಕಕ್ಕೆ ಚಿತ್ರ ನೋಡಿ ತಾವಾಗೇ ಬೆಳಕು ಏರಿಳಿಸುವ ಆಟೊ ಐರಿಸ್, ಡೈನಾಮಿಕ್ ಲ್ಯಾಂಪ್ ಎಲ್ಲ ಆಫ್ ಇರಬೇಕು. ಸೆಟ್‌ಟಾಪ್ ಬಾಕ್ಸಿನ ಕೆಂಪು ದೀಪದ ಮೇಲೂ ಒಂದು ಟೇಪ್ ಅಂಟಿಸಿ.

ಲ್ಯಾಂಪ್ ಬದಲಿಸುವಾಗಲೂ ಇದೇ ಉಪಾಯ. ಲ್ಯಾಂಪ್‌ನ ಆಯುಷ್ಯ ಇಷ್ಟು ಗಂಟೆ ಎಂದು ಬರೆದಿರುತ್ತಾರಲ್ಲ, ಸಾಮಾನ್ಯವಾಗಿ ಅದು ಸುಟ್ಟುಹೋಗುವ ಹೊತ್ತಲ್ಲ, ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು. ಹಳೆಯದರಲ್ಲಿ ಬಿಳಿ ಸ್ಲೈಡ್‌ಗೆ ಎಫ್/11ರಲ್ಲಿ 1 ಸೆಕೆಂಡ್ ಬೇಕಾಗಿತ್ತು, ಹೊಸದಕ್ಕೆ 1/2 ಸಾಕಾಯಿತು. ದಿನಾ ನೋಡುತ್ತಿದ್ದ ನಮಗೆ ಯಾರಿಗೂ ಅಷ್ಟು ಇಳಿದದ್ದು ಗೊತ್ತೇ ಆಗಿರಲಿಲ್ಲ. ‘ಚೆನ್ನಾಗೇ ಇತ್ತಲ್ಲ, ಲ್ಯಾಂಪ್‌ಗೆ ಯಾಕೆ ಇಷ್ಟು ದುಡ್ಡು ಸುರಿದ್ರಿ?’ ಎಂದು ಮನೆಯಲ್ಲಿ ಕೇಳಿದಾಗ ಒಂದೇ ಸೆಟ್ಟಿಂಗ್‌ನ ಎರಡು ಫೋಟೊ ತೆಗೆದು ತೋರಿಸಿದೆ.